ಕೊಂಡ ಪುಸ್ತಕ ಯಾರದು?

ಅಂಗಡಿಯಲ್ಲಿ ಹಣ ಕೊಟ್ಟು ಪುಸ್ತಕವೊಂದನ್ನು ಕೊಂಡವನು ಮನೆಗೆ ಬಂದು ಮೊದಲು ಮಾಡುವ ಕೆಲಸವೆಂದರೆ ಅದರ ಒಳಪುಟದಲ್ಲಿ ತನ್ನ ಹೆಸರನ್ನು ಬರೆಯುವುದು. ಅಂದಿನಿಂದ ಆ ಪುಸ್ತಕ ಅವನದು. ಅಣ್ಣ ಬಳಸಿದ ನಿಘಂಟು ಕೆಲವು ವರ್ಷಗಳ ಬಳಿಕ ತಂಗಿಯ ಕೈಗೆ ಬರುತ್ತದೆ. ಅವನ ಹೆಸರಿನ ಕೆಳಗೆ ಅವಳ ಹೆಸರು ಸೇರುತ್ತದೆ. ಓದಿ ಮುಗಿದ ಕಾದಂಬರಿ ನೆರೆಮನೆಗೆ ಹೋಗಿ, ಅಲ್ಲಿಂದ ಇನ್ನೊಂದು ಮನೆಗೆ ಹೋಗಿ, ಕೆಲವೊಮ್ಮೆ ಹಿಂದಿರುಗುವುದನ್ನೇ ಮರೆಯುತ್ತದೆ. ಯಾರಿಗೂ ಬೇಡವಾದಾಗ ಬೆಂಗಳೂರಿನ ಅವೆನ್ಯೂ ರಸ್ತೆಯಂತಹ ಸ್ಥಳದಲ್ಲಿ ಹಳೆಯ ಪುಸ್ತಕಗಳ ರಾಶಿಯನ್ನು ಸೇರಿ, ಮತ್ತಾವನೋ ವಿದ್ಯಾರ್ಥಿಗೆ ಅರ್ಧ ಬೆಲೆಗೆ ದೊರಕುತ್ತದೆ. ಇದಾವುದಕ್ಕೂ ಗ್ರಂಥಕರ್ತನ ಅಪ್ಪಣೆಯಾಗಲಿ, ಪ್ರಕಾಶಕನ ಅಪ್ಪಣೆಯಾಗಲಿ ಬೇಕಾಗಿಲ್ಲ.

ಇಷ್ಟು ಸಹಜವಾಗಿ ತೋರುವ ಈ ಹಕ್ಕಿಗೂ ಒಂದು ಚರಿತ್ರೆಯುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟ್‌ಅವೇ’ ಎಂಬ ಕಾದಂಬರಿಯನ್ನು ಹೊರತಂದಿತು. ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಇದನ್ನು ಯಾವ ವ್ಯಾಪಾರಿಯೂ ಮಾರಕೂಡದು, ಮಾರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯೆನಿಸುವುದು ಎಂಬ ಎಚ್ಚರಿಕೆಯನ್ನು ಪುಸ್ತಕದೊಳಗೇ ಅಚ್ಚು ಮಾಡಿಸಿತು. ನ್ಯೂಯಾರ್ಕಿನ ಮೇಸೀಸ್ ಮಳಿಗೆಯವರು ಅದನ್ನು ಲೆಕ್ಕಿಸದೆ 89 ಸೆಂಟಿಗೆ ಮಾರಿದರು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1908ರಲ್ಲಿ ನ್ಯಾಯಾಲಯ ಮಳಿಗೆಯವರ ಪರವಾಗಿ ತೀರ್ಪಿತ್ತಿತು. ಕೃತಿಯನ್ನು ಮತ್ತೆ ಅಚ್ಚು ಹಾಕುವ ಹಕ್ಕು ಅದರ ಸ್ವಾಮ್ಯವುಳ್ಳವನದು. ಒಮ್ಮೆ ಮಾರಿದ ಪ್ರತಿಯನ್ನು ಮುಂದೆ ಯಾರು ಎಷ್ಟಕ್ಕೆ ಮಾರಬೇಕೆಂದು ವಿಧಿಸುವ ಅಧಿಕಾರ ಅವನಿಗಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯೂ ಈಗಾಗಲೇ ಚಲಾವಣೆಯಲ್ಲಿರುವ ಪುಸ್ತಕದ ಪ್ರತಿಗಳನ್ನು ಗ್ರಂಥಕರ್ತನ ಹತೋಟಿಯಿಂದ ಹೊರಗೇ ಇರಿಸಿದೆ. ಹಳೆಯ ಪುಸ್ತಕದ ಅಂಗಡಿ ನಿಂತಿರುವುದು ಈ ನೆಲದ ಮೇಲೆ. ಗ್ರಂಥಾಲಯ ನಿಂತಿರುವುದೂ ಇದರ ಮೇಲೆಯೇ.

ಈ ನೆಲವನ್ನು ಸದ್ದಿಲ್ಲದೆ ಅಲುಗಿಸಿದ್ದು ಇ-ಪುಸ್ತಕ. ವಿಚಿತ್ರವೆಂದರೆ ಅದು ಹುಟ್ಟಿದ್ದು ಮಾರಾಟಕ್ಕಾಗಿ ಅಲ್ಲ. 1971ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮೈಕೇಲ್ ಹಾರ್ಟ್ ಅಲ್ಲಿನ ಗಣಕಯಂತ್ರದಲ್ಲಿ ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಬೆರಳಚ್ಚು ಮಾಡಿ, ಬೇಕಾದವರು ಪಡೆದುಕೊಳ್ಳಲೆಂದು ಇರಿಸಿದ. ಅದೇ ಮುಂದೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂದು ಹೆಸರಾಗಿ, ಕೃತಿಸ್ವಾಮ್ಯದ ಅವಧಿ ತೀರಿದ ಹತ್ತಾರು ಸಾವಿರ ಗ್ರಂಥಗಳನ್ನು ಉಚಿತವಾಗಿ ಹಂಚಿತು. ಅಚ್ಚಿನ ಪುಸ್ತಕವನ್ನು ಒಬ್ಬರಿಗೆ ಕೊಟ್ಟರೆ ಕೊಟ್ಟವನ ಕೈ ಬರಿದಾಗುತ್ತದೆ. ಹಾರ್ಟ್ ಕಂಡ ಪುಸ್ತಕ ಎಷ್ಟು ಜನಕ್ಕೆ ಕೊಟ್ಟರೂ ಬರಿದಾಗುವಂಥದಲ್ಲ. ಇದೇ ಗುಣ ಮುಂದೆ ಪ್ರಕಾಶಕರ ನಿದ್ದೆಗೆಡಿಸಿತು.

ಮಾರಾಟದ ಯುಗ ನಿಜವಾಗಿ ಪ್ರಾರಂಭವಾದದ್ದು 2007ರ ನವೆಂಬರಿನಲ್ಲಿ. ಅಮೆಜಾನ್ ಸಂಸ್ಥೆ ಕಿಂಡಲ್ ಎಂಬ ಓದುವ ಉಪಕರಣವನ್ನು 399 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು. ಐದೂವರೆ ಗಂಟೆಗಳಲ್ಲಿ ಅದರ ದಾಸ್ತಾನು ಮುಗಿದುಹೋಯಿತು. ದೂರದರ್ಶನದ ಪರದೆಯಂತೆ ಕಣ್ಣಿಗೆ ಬೆಳಕನ್ನು ಚೆಲ್ಲದೆ, ಕಾಗದದಂತೆ ಹೊರಗಿನ ಬೆಳಕಿನಲ್ಲಿಯೇ ಓದಿಸಿಕೊಳ್ಳುವ ಪರದೆ ಅದರದು. ಪುಟ ಬದಲಾಗುವಾಗ ಮಾತ್ರ ವಿದ್ಯುತ್ತು ಖರ್ಚಾಗುತ್ತಿತ್ತು. 2010ರ ಜುಲೈಯಲ್ಲಿ ಅಮೆಜಾನ್ ತನ್ನಲ್ಲಿ ರಟ್ಟು ಹೊದಿಕೆಯ ಪುಸ್ತಕಗಳಿಗಿಂತ ಇ-ಪುಸ್ತಕಗಳು ಹೆಚ್ಚಾಗಿ ಮಾರಾಟವಾಗುತ್ತಿವೆ ಎಂದು ಸಾರಿತು. 2011ರ ಮೇ ತಿಂಗಳಿನಲ್ಲಿ ಅದರ ಅಮೆರಿಕದ ಅಂಗಡಿಯಲ್ಲಿ ಎಲ್ಲ ಬಗೆಯ ಅಚ್ಚಿನ ಪುಸ್ತಕಗಳೂ ಸೇರಿ 100 ಮಾರಾಟವಾದರೆ, ಇ-ಪುಸ್ತಕಗಳು 105 ಮಾರಾಟವಾಗುತ್ತಿದ್ದವು. ಅದೇ ವರ್ಷ ಆರು ನೂರಕ್ಕೂ ಹೆಚ್ಚು ಮಳಿಗೆಗಳಿದ್ದ ಬಾರ್ಡರ್ಸ್ ಎಂಬ ಪುಸ್ತಕ ವ್ಯಾಪಾರ ಸಂಸ್ಥೆ ದಿವಾಳಿಯಾಗಿ ಬಾಗಿಲು ಮುಚ್ಚಿತು. ಕಾಗದದ ಪುಸ್ತಕದ ಆಯುಸ್ಸು ಮುಗಿಯಿತೆಂದು ಪತ್ರಿಕೆಗಳು ಬರೆದವು. ಬಾರ್ಡರ್ಸ್ ಸಂಸ್ಥೆ 2001ರಿಂದ 2008ರವರೆಗೆ ತನ್ನ ಅಂತರಜಾಲದ ವ್ಯಾಪಾರವನ್ನೆಲ್ಲ ಅಮೆಜಾನಿನ ಕೈಗೇ ಒಪ್ಪಿಸಿತ್ತೆಂಬುದನ್ನು ಗಮನಿಸಿದರೆ, ಅದರ ಪತನದ ಹೊಣೆಯನ್ನೆಲ್ಲ ಇ-ಪುಸ್ತಕದ ತಲೆಗೆ ಕಟ್ಟುವುದು ಸರಿಯಲ್ಲವೆಂದು ತೋರುತ್ತದೆ.

ಪ್ರಕಾಶಕರನ್ನು ಹೆಚ್ಚು ಕಾಡಿದ್ದು ಬೆಲೆಯ ಪ್ರಶ್ನೆ. ಇದನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ರಟ್ಟು ಹೊದಿಕೆಯ ಹೊಸ ಪುಸ್ತಕವೊಂದರ ಮುಖಬೆಲೆ 26 ಡಾಲರ್ ಎಂದಿಟ್ಟುಕೊಳ್ಳೋಣ. ಅದರ ಇ-ಪ್ರತಿಯನ್ನು ಪ್ರಕಾಶಕ ಅರ್ಧ ಬೆಲೆಗೆ, ಎಂದರೆ 13 ಡಾಲರಿಗೆ, ಅಮೆಜಾನಿಗೆ ಕೊಡುತ್ತಿದ್ದ. ಅಮೆಜಾನ್ ಅದನ್ನು 9 ಡಾಲರ್ 99 ಸೆಂಟಿಗೆ ಮಾರುತ್ತಿತ್ತು. ಪ್ರತಿಯೊಂದರ ಮೇಲೂ ಮೂರು ಡಾಲರ್ ನಷ್ಟ! ಓದುಗರನ್ನು ತನ್ನ ಉಪಕರಣಕ್ಕೆ ಒಗ್ಗಿಸಲು ಆ ಸಂಸ್ಥೆ ಈ ನಷ್ಟವನ್ನು ಉಂಡಿತು. 2010ರಲ್ಲಿ ಆಪಲ್ ಸಂಸ್ಥೆ ಐಪ್ಯಾಡನ್ನು ತಂದಾಗ ಬೇರೊಂದು ಏರ್ಪಾಡು ಬಂದಿತು. ಬೆಲೆಯನ್ನು ಪ್ರಕಾಶಕನೇ ನಿಗದಿ ಮಾಡುವುದು. ಅಂಗಡಿಯವನು ನೂರಕ್ಕೆ ಮೂವತ್ತನ್ನು ಇಟ್ಟುಕೊಳ್ಳುವುದು. ಬೆಲೆ 12 ಡಾಲರ್ 99 ಸೆಂಟಿಗೆ ಏರಿತು. ಆದರೆ ಅದರಲ್ಲಿ ಪ್ರಕಾಶಕನಿಗೆ ದಕ್ಕಿದ್ದು ಸುಮಾರು 9 ಡಾಲರ್ ಮಾತ್ರ. ಓದುಗ ಹೆಚ್ಚು ಕೊಟ್ಟ, ಪ್ರಕಾಶಕ ಕಡಿಮೆ ಪಡೆದ. ಕೈಗೆ ಬರುತ್ತಿದ್ದ ನಾಲ್ಕು ಡಾಲರನ್ನು ಬಿಟ್ಟುಕೊಟ್ಟಾದರೂ ಪ್ರಕಾಶಕರು ಇದನ್ನು ಒಪ್ಪಿಕೊಂಡರು. ಹೊಸ ಪುಸ್ತಕವೆಂದರೆ ಹತ್ತು ಡಾಲರಿನ ವಸ್ತು ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಿಬಿಟ್ಟರೆ ತಮ್ಮ ಅಚ್ಚಿನ ಪುಸ್ತಕಕ್ಕೆ ಉಳಿಗಾಲವಿಲ್ಲವೆಂಬ ಭಯ ಅವರದು.

ಐದು ದೊಡ್ಡ ಪ್ರಕಾಶನ ಸಂಸ್ಥೆಗಳೂ ಆಪಲ್ಲೂ ಕೂಡಿಕೊಂಡು ಬೆಲೆಯೇರಿಸಿವೆ ಎಂದು 2012ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರ ಮೊಕದ್ದಮೆ ಹೂಡಿತು. ಪ್ರಕಾಶಕರು ಒಬ್ಬೊಬ್ಬರಾಗಿ ರಾಜಿಯಾದರು. ಆಪಲ್ ಹೋರಾಡಿ ಸೋತು, 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದರ ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ ಮೇಲೆ 45 ಕೋಟಿ ಡಾಲರ್ ತೆರಬೇಕಾಯಿತು. ಈ ನಡುವೆ 2014ರಲ್ಲಿ ಅಮೆಜಾನಿಗೂ ಹ್ಯಾಷೆಟ್ ಪ್ರಕಾಶನಕ್ಕೂ ಕಲಹ ಉಂಟಾಯಿತು. ಆ ಪ್ರಕಾಶನದ ಪುಸ್ತಕಗಳು ಓದುಗರಿಗೆ ವಾರಗಟ್ಟಲೆ ತಡವಾಗಿ ತಲುಪತೊಡಗಿದವು. ನೂರಾರು ಲೇಖಕರು ಬಹಿರಂಗವಾಗಿ ಪ್ರತಿಭಟಿಸಿದರು. ಆ ವರ್ಷದ ನವೆಂಬರಿನಲ್ಲಿ ಒಪ್ಪಂದವಾದಾಗ ಬೆಲೆ ಕಟ್ಟುವ ಅಧಿಕಾರ ಪ್ರಕಾಶಕರಿಗೆ ಮರಳಿತು.

ಗೆದ್ದ ಮೇಲೆ ಏನಾಯಿತು? ಬೆಲೆ ಏರಿತು, ಅವರ ಇ-ಪುಸ್ತಕಗಳ ಮಾರಾಟ ಇಳಿಯಿತು. ಅಮೆರಿಕದ ಸಾಮಾನ್ಯ ಓದಿನ ಪುಸ್ತಕಗಳ ವ್ಯಾಪಾರದಲ್ಲಿ ಒಮ್ಮೆ ಸುಮಾರು ಐದರಲ್ಲೊಂದು ಪಾಲನ್ನು ಮುಟ್ಟಿದ್ದ ಇ-ಪುಸ್ತಕ, ಮುಂದಿನ ವರ್ಷಗಳಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಬಂದು ನಿಂತಿತು. 2020ರ ಕೊರೋನಾ ಕಾಲದಲ್ಲಿ ಅಂಗಡಿಗಳು ಮುಚ್ಚಿದಾಗ ಮತ್ತೆ ಏರಿ, ಮರುವರ್ಷ ಮತ್ತೆ ಇಳಿಯಿತು. ಸಾಯುತ್ತದೆಂದು ಹೇಳಿದ್ದ ಅಚ್ಚಿನ ಪುಸ್ತಕ ಮಾತ್ರ 2021ರಲ್ಲಿ ಅಮೆರಿಕದಲ್ಲಿ ಸುಮಾರು 82 ಕೋಟಿ ಪ್ರತಿಗಳಷ್ಟು ಮಾರಾಟವಾಯಿತು. ಹೀಗೆಂದು ಅಚ್ಚಿನ ಅಭಿಮಾನಿಗಳು ತೀರ ಹಿಗ್ಗಬೇಕಾದುದೂ ಇಲ್ಲ. ಇ-ಪುಸ್ತಕದ ಇಳಿತ ಪ್ರಕಾಶಕರ ಲೆಕ್ಕದಲ್ಲಿನ ಇಳಿತ. ಪ್ರಕಾಶಕರ ಹಂಗಿಲ್ಲದೆ ಲೇಖಕರು ತಾವೇ ಪ್ರಕಟಿಸುವ ಅಗ್ಗದ ಇ-ಪುಸ್ತಕಗಳಲ್ಲಿ ಬಹುಪಾಲು ಆ ಲೆಕ್ಕಕ್ಕೆ ಸೇರುವುದಿಲ್ಲ. 2010ರಿಂದ ಅಮೆಜಾನ್ ಅಂತಹ ಲೇಖಕರಿಗೆ ಒಂದು ನಿರ್ದಿಷ್ಟ ಬೆಲೆಯ ಮಿತಿಯೊಳಗೆ ನೂರಕ್ಕೆ ಎಪ್ಪತ್ತರ ಪಾಲು ಕೊಡತೊಡಗಿತು; ದೊಡ್ಡ ಪ್ರಕಾಶಕರಿಂದ ಇ-ಪುಸ್ತಕಕ್ಕೆ ಲೇಖಕರಿಗೆ ದೊರೆಯುತ್ತಿದ್ದುದು ತಮಗೆ ಬಂದ ಹಣದಲ್ಲಿ ನೂರಕ್ಕೆ ಇಪ್ಪತ್ತೈದು. ಆ್ಯಂಡಿ ವಿಯರ್ ಎಂಬ ತಂತ್ರಜ್ಞ ಬರೆದು 99 ಸೆಂಟಿಗೆ ಮಾರಿದ ‘ದಿ ಮಾರ್ಷಿಯನ್’ ಎಂಬ ಕಾದಂಬರಿ ಮೂರು ತಿಂಗಳಿನಲ್ಲಿ 35,000 ಪ್ರತಿಗಳಷ್ಟು ಖರ್ಚಾದ ಮೇಲೆ ಪ್ರಕಾಶಕರೇ ಅವನನ್ನು ಹುಡುಕಿಕೊಂಡು ಬಂದರು. 2014ರಲ್ಲಿ ಅದು ರಟ್ಟು ಹೊದಿಕೆಯಲ್ಲಿ ಅಚ್ಚಾಯಿತು.

ಕಾಗದ ಗೆದ್ದಿತೇ, ಪರದೆ ಗೆದ್ದಿತೇ ಎಂಬ ಈ ವಾದವಿವಾದದಲ್ಲಿ ಓದುಗನಿಗೆ ಸಂಬಂಧಿಸಿದ ನಿಜವಾದ ಪ್ರಶ್ನೆ ಮರೆಗೆ ಸರಿಯಿತು. ಪ್ರಕಾಶಕರೂ ವ್ಯಾಪಾರಿಯೂ ಬೆಲೆಗಾಗಿ ಕಾದಾಡಿದರು. ಅವರೀರ್ವರೂ ಮಾರುತ್ತಿದ್ದುದು ಏನನ್ನು ಎಂದು ಕೇಳಿದವರು ಕಡಿಮೆ.

ಅದನ್ನು ಎಲ್ಲರಿಗೂ ತೋರಿಸಿಕೊಟ್ಟ ಘಟನೆ ನಡೆದದ್ದು 2009ರ ಜುಲೈಯಲ್ಲಿ. ಅಮೆರಿಕದ ಕೆಲವು ಓದುಗರು ತಮ್ಮ ಕಿಂಡಲ್ ತೆರೆದು ನೋಡಿದಾಗ, ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳು ಅದರಲ್ಲಿರಲಿಲ್ಲ. ಅವುಗಳನ್ನು ಮಾರಾಟಕ್ಕಿರಿಸಿದ್ದವನಿಗೆ ಅಮೆರಿಕದಲ್ಲಿ ಪ್ರಕಟಿಸುವ ಹಕ್ಕಿರಲಿಲ್ಲವೆಂದು ತಿಳಿದೊಡನೆ ಅಮೆಜಾನ್ ದೂರದಿಂದಲೇ ಅವುಗಳನ್ನು ಅಳಿಸಿ, ಹಣವನ್ನು ಹಿಂದಿರುಗಿಸಿತ್ತು. ಅಳಿದುಹೋದ ಪುಸ್ತಕಗಳು ಜಾರ್ಜ್ ಆರ್ವೆಲ್ಲನ ‘1984’ ಮತ್ತು ‘ಅನಿಮಲ್ ಫಾರ್ಮ್’. ಬೇಡವಾದ ಬರಹವನ್ನು ಪ್ರಭುತ್ವ ಗುಟ್ಟಾಗಿ ಇಲ್ಲವಾಗಿಸುವ ರಾಜ್ಯವೊಂದರ ಕಥೆಯೇ ‘1984’! ಮಿಷಿಗನ್ನಿನ ಒಬ್ಬ ಪ್ರೌಢಶಾಲಾ ವಿದ್ಯಾರ್ಥಿ ಶಾಲೆಯ ಪಾಠಕ್ಕಾಗಿ ಅದನ್ನು ಓದುತ್ತ, ಅಲ್ಲಲ್ಲಿ ಟಿಪ್ಪಣಿಗಳನ್ನು ಮಾಡಿಕೊಂಡಿದ್ದ. ಪುಸ್ತಕ ಹೋದ ಮೇಲೆ ಯಾವ ಟಿಪ್ಪಣಿ ಯಾವ ವಾಕ್ಯಕ್ಕೆ ಸೇರಿದ್ದೆಂದು ತಿಳಿಯುವಂತಿರಲಿಲ್ಲ. ಅವನ ಶ್ರಮವೆಲ್ಲ ವ್ಯರ್ಥವಾಯಿತು. ಅವನು ಮೊಕದ್ದಮೆ ಹೂಡಿದ. ಅಮೆಜಾನಿನ ಮುಖ್ಯಸ್ಥ ಜೆಫ್ ಬೆಜೋಸ್ ಸಾರ್ವಜನಿಕವಾಗಿ ಕ್ಷಮೆ ಯಾಚಿಸಿದರು. ಸಂಸ್ಥೆ ರಾಜಿ ಮಾಡಿಕೊಂಡಿತು. ಅಂಗಡಿಯವನೊಬ್ಬ ರಾತ್ರಿ ಮನೆಯೊಳಗೆ ಬಂದು, ತಾನು ಮಾರಿದ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಂಡು, ಮೇಜಿನ ಮೇಲೆ ಹಣವಿಟ್ಟು ಹೋದರೆ ಜನ ಅದನ್ನು ಏನೆಂದು ಕರೆಯುತ್ತಿದ್ದರು?

ಇ-ಪುಸ್ತಕವನ್ನು ಕೊಳ್ಳುವವನು ವಾಸ್ತವವಾಗಿ ಪಡೆಯುವುದು ಓದುವ ಪರವಾನಗಿಯನ್ನು ಮಾತ್ರ. ಷರತ್ತುಗಳ ಉದ್ದನೆಯ ಪಟ್ಟಿಯಲ್ಲಿ ಇದನ್ನು ಬರೆದಿರುತ್ತಾರೆ, ಅದನ್ನು ಓದುವವರಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಅಲ್ಲಿ ಮಾರಾಟವಾಗಿದ್ದ ಪುಸ್ತಕಗಳೆಲ್ಲ ಓದುಗರ ಬಳಿಯಿಂದ ಮಾಯವಾದವು. ಹಣ ಮರಳಿ ಬಂದಿತು, ನಿಜ. ಆದರೆ ಬಾರ್ಡರ್ಸ್ ಮುಚ್ಚಿದಾಗ ಅದು ಮಾರಿದ್ದ ಒಂದು ಪುಸ್ತಕವೂ ಯಾರ ಮನೆಯಿಂದಲೂ ಕಾಣೆಯಾಗಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಯುರೋಪು ಒಕ್ಕೂಟದ ನ್ಯಾಯಾಲಯ, ಓದಿದ ಇ-ಪುಸ್ತಕಗಳನ್ನು ಮರುಮಾರಾಟ ಮಾಡುತ್ತಿದ್ದ ನೆದರ್‌ಲ್ಯಾಂಡ್ಸಿನ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ, ಹಕ್ಕುದಾರರ ಅನುಮತಿಯಿಲ್ಲದೆ ಹಾಗೆ ಮಾರುವಂತಿಲ್ಲವೆಂದು ತೀರ್ಪು ಕೊಟ್ಟಿತು. ಭಾರತದ ತೆರಿಗೆಯಲ್ಲಿಯೂ ಈ ಭೇದ ಕಾಣುತ್ತದೆ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ನೂರಕ್ಕೆ 18ರಷ್ಟು ವಿಧಿಸಿ, 2018ರಲ್ಲಿ, ಅಚ್ಚಿನ ಆವೃತ್ತಿಯುಳ್ಳವುಗಳಿಗೆ ಮಾತ್ರ ನೂರಕ್ಕೆ 5ಕ್ಕೆ ಇಳಿಸಲಾಯಿತು.

ಗ್ರಂಥಾಲಯಗಳ ಪಾಡು ಇನ್ನೂ ಕಠಿನ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ, ಗ್ರಂಥಾಲಯ ಕೊಂಡ ಇ-ಪುಸ್ತಕವನ್ನು 26 ಬಾರಿ ಎರವಲು ಕೊಟ್ಟ ಮೇಲೆ ಮತ್ತೆ ಹಣ ತೆರಬೇಕೆಂದು ವಿಧಿಸಿತು. ಕಾಗದದ ಪುಸ್ತಕ ಅಷ್ಟು ಹೊತ್ತಿಗೆ ಸವೆದಿರುತ್ತದೆ ಎಂಬುದು ಅದರ ಸಮರ್ಥನೆ. ಸವೆಯುವುದು ಕಾಗದದ ದೋಷ. ಸವೆಯದ ವಸ್ತುವನ್ನು ಕಂಡುಹಿಡಿದ ಮೇಲೆ ಆ ದೋಷವನ್ನು ಲೆಕ್ಕದಲ್ಲಿ ತಂದು ಅದರ ಮೇಲೆ ಹೇರಿದ ಬುದ್ಧಿಗೆ ಏನನ್ನಬೇಕು? 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಪ್ರಕಾಶನ ಹೊಸ ಪುಸ್ತಕ ಹೊರಬಂದ ಎಂಟು ವಾರಗಳವರೆಗೆ, ಗ್ರಂಥಾಲಯ ಎಷ್ಟೇ ದೊಡ್ಡದಿರಲಿ, ಒಂದೇ ಒಂದು ಇ-ಪ್ರತಿಯನ್ನು ಕೊಡುವುದಾಗಿ ನಿಯಮ ಮಾಡಿತು. ಗ್ರಂಥಪಾಲಕರು ಸಿಟ್ಟಿಗೆದ್ದರು, ಹಲವು ಗ್ರಂಥಾಲಯಗಳು ಆ ಪ್ರಕಾಶನದ ಹೊಸ ಇ-ಪುಸ್ತಕಗಳನ್ನು ಕೊಳ್ಳುವುದನ್ನೇ ನಿಲ್ಲಿಸಿದವು. 2020ರ ಮಾರ್ಚಿನಲ್ಲಿ ನಿಯಮ ರದ್ದಾಯಿತು.

ಪ್ರಕಾಶಕರ ಭಯವನ್ನು ತೀರ ಹಗುರವಾಗಿ ಕಾಣಲಾಗದು. ಒಂದು ಪ್ರತಿಯಿಂದ ಕ್ಷಣಮಾತ್ರದಲ್ಲಿ ಸಾವಿರ ಪ್ರತಿಗಳನ್ನು ಮಾಡಬಹುದಾದ ವಸ್ತುವನ್ನು ಬೀಗವಿಲ್ಲದೆ ಮಾರುವುದೆಂದರೆ ಗ್ರಂಥಕರ್ತನ ಅನ್ನಕ್ಕೆ ಸಂಚಕಾರ ಬಂದೀತೆಂಬುದು ಅವರ ವಾದ. ಆದರೆ ಈ ವಾದವನ್ನು ಪರೀಕ್ಷಿಸಿ ನೋಡಿದವರೂ ಉಂಟು. ಮ್ಯಾಕ್‌ಮಿಲನ್ನಿನ ಅಂಗವೇ ಆದ, ವಿಜ್ಞಾನ ಕಾದಂಬರಿಗಳಿಗೆ ಹೆಸರಾದ ಟಾರ್ ಸಂಸ್ಥೆ 2012ರಲ್ಲಿ ತನ್ನ ಇ-ಪುಸ್ತಕಗಳ ಬೀಗವನ್ನು ತೆಗೆದುಹಾಕಿತು. ವರ್ಷ ಕಳೆದ ಮೇಲೆ ಕಳ್ಳಪ್ರತಿಗಳು ಗಮನಾರ್ಹವಾಗಿ ಹೆಚ್ಚಲಿಲ್ಲವೆಂದು ಅದೇ ತಿಳಿಸಿತು. ಬೀಗ ಮುರಿಯಬಲ್ಲವನು ಹೇಗೂ ಮುರಿಯುತ್ತಾನೆ. ಬೀಗದಿಂದ ತೊಂದರೆಯಾಗುವುದು ಹಣ ಕೊಟ್ಟವನಿಗೆ.

ಇಷ್ಟೆಲ್ಲ ಹೇಳಿದ ಮೇಲೂ ಇ-ಪುಸ್ತಕ ಕೆಟ್ಟದ್ದೆಂದು ಭಾವಿಸುವುದು ಅನ್ಯಾಯ. ಕಣ್ಣು ಮಂಜಾದ ವೃದ್ಧರು ಅದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದುತ್ತಾರೆ. ಕಣ್ಣಿಲ್ಲದವರಿಗೆ ಯಂತ್ರವೇ ಓದಿ ಹೇಳುತ್ತದೆ. ಅಂಧರಿಗೆ ಓದಲು ತಕ್ಕ ರೂಪದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಿ ದೇಶದಿಂದ ದೇಶಕ್ಕೆ ಕಳುಹಿಸಲು ಅವಕಾಶ ಕೊಡುವ ಮರಾಕೆಷ್ ಒಪ್ಪಂದ 2013ರಲ್ಲಿ ಆಯಿತು; 2014ರಲ್ಲಿ ಅದನ್ನು ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ ಕೀರ್ತಿ ಭಾರತದ್ದು.

ಕನ್ನಡಕ್ಕೆ ಈ ಗಾಳಿ ತಡವಾಗಿ ಬೀಸಿತು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಸ್ಥಾನ ಕೊಟ್ಟಾಗ ಆ ಪಂಕ್ತಿಯಲ್ಲಿ ಕನ್ನಡಕ್ಕೆ ಎಲೆ ಹಾಕಿರಲಿಲ್ಲ. ಮುಂದೆ ಕನ್ನಡಿಗರೇ ಕಟ್ಟಿದ ಕೆಲವು ಸಂಸ್ಥೆಗಳು ಮೊಬೈಲ್ ಫೋನಿನಲ್ಲಿ ಓದುವಂತೆ ಕನ್ನಡ ಪುಸ್ತಕಗಳನ್ನು ಮಾರತೊಡಗಿದವು. ಅಂಚೆಯ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರುವ ಪರದೇಶಗಳಲ್ಲಿರುವ ಕನ್ನಡಿಗರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಪ್ರಕಾಶಕರಿಗೆ ಇದರಲ್ಲಿ ತೊಡಕುಗಳೂ ಇವೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಗಣಕದಲ್ಲಿ ಜೋಡಿಸಿದ ಪುಸ್ತಕಗಳನ್ನು ಹೊಸ ರೂಪಕ್ಕೆ ತರುವಾಗ ಒತ್ತಕ್ಷರಗಳು ಸ್ಥಾನಪಲ್ಲಟವಾಗುತ್ತವೆ. ಇಡೀ ಗ್ರಂಥದ ಕರಡನ್ನು ಮತ್ತೆ ತಿದ್ದಬೇಕಾಗುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿ, ಸರ್ಕಾರದ ಸಗಟು ಖರೀದಿಯನ್ನು ಎದುರುನೋಡುವ ಪ್ರಕಾಶಕನಿಗೆ ಆ ಖರ್ಚು ಭಾರವೇ. ಆದರೂ ಕನ್ನಡದ ಇ-ಪುಸ್ತಕ ಇನ್ನೂ ಎಳೆಯದು. ಲೇಖಕನೊಡನೆ, ಓದುಗನೊಡನೆ, ಗ್ರಂಥಾಲಯದೊಡನೆ ಯಾವ ಷರತ್ತಿನ ಮೇಲೆ ವ್ಯವಹರಿಸಬೇಕೆಂಬುದು ಇಲ್ಲಿ ಇಂಗ್ಲಿಷಿನಲ್ಲಿ ಆದಂತೆ ಗಟ್ಟಿಯಾಗಿ ಕುಳಿತುಬಿಟ್ಟಿಲ್ಲ. ಅಲ್ಲಿನ ಪಟ್ಟಿಯನ್ನೇ ನಕಲು ಮಾಡುವ ಮುನ್ನ ಕನ್ನಡದ ಪ್ರಕಾಶಕರು ತಮ್ಮ ಓದುಗ ಎಲ್ಲಿಂದ ಬಂದನೆಂಬುದನ್ನು ನೆನೆಯಬೇಕು.

ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಧಾರವಾಡದಲ್ಲಿ ಪ್ರಾರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿಕೊಂಡು ಬೆಳೆಯಿತು. ಅವರು ಮಾರಿದ ಒಂದೊಂದು ಪ್ರತಿಯೂ ಕೊಂಡವನ ಮನೆಯಲ್ಲಿಯೇ ನಿಲ್ಲಲಿಲ್ಲ. ಮುಂದೆ ಬಾಡಿಗೆಯ ವಾಚನಾಲಯಗಳ ಕಾಲ ಬಂದಿತು. ಅ. ನ. ಕೃ. ಅವರ, ತ್ರಿವೇಣಿಯವರ ಕಾದಂಬರಿಗಳು ಕೆಲವೇ ಪೈಸೆಗಳ ಬಾಡಿಗೆಗೆ ಬೀದಿಯಿಂದ ಬೀದಿಗೆ ಸಂಚರಿಸಿದವು. ರಟ್ಟು ಕಳಚಿದರೆ ಹೊಸ ರಟ್ಟು ಹಾಕಿ, ಹಾಳೆ ಬಿಚ್ಚಿದರೆ ದಾರದಿಂದ ಹೊಲಿದು, ವಾಚನಾಲಯದವನು ಅವುಗಳನ್ನು ಮತ್ತೆ ಕಪಾಟಿಗೆ ಏರಿಸುತ್ತಿದ್ದ. ಹಗಲು ಮನೆಗೆಲಸ ಮುಗಿಸಿ ಓದಿದ ಗೃಹಿಣಿಯರು, ದೀಪದ ಎಣ್ಣೆ ತೀರುವವರೆಗೆ ಓದಿದ ಹುಡುಗರು, ಅವರಿಂದ ಕಸಿದುಕೊಂಡು ತಾವೂ ಗುಟ್ಟಾಗಿ ಓದಿದ ಹಿರಿಯರು, ಎಲ್ಲರಿಗೂ ಸೇರಿ ಒಂದೇ ಪ್ರತಿ. 26 ಬಾರಿಯ ನಿಯಮವನ್ನು ಆ ಪ್ರತಿಗಳಿಗೆ ಅನ್ವಯಿಸಿದ್ದರೆ, ಮೊದಲ ಬೇಸಿಗೆ ರಜೆ ಮುಗಿಯುವ ಮುನ್ನವೇ ಅವು ಕಪಾಟಿನಿಂದ ಇಳಿಯಬೇಕಾಗಿತ್ತು.